ಬದನಿಕೆಯೂ ಅಲ್ಲ, ಬರೀ ಗಾಳಿಯಲ್ಲಿ ಬದುಕುವುದೂ ಇಲ್ಲ

ಪ್ರಶ್ನೆ: ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಮೊದಲ ಮಹಡಿಯ ಮನೆ. ಗಿಡ ನೆಡಲು ಅಂಗೈ ಅಗಲದ ನೆಲವೂ ಇಲ್ಲ. ಹೋದ ವರ್ಷ ಆಷಾಢದಲ್ಲಿ ಮಗಳು ಬೆಂಗಳೂರಿನಿಂದ ಮೂರು ಏರ್ ಪ್ಲಾಂಟ್, ಅಂದರೆ ಗಾಳಿ ಗಿಡ, ತಂದುಕೊಟ್ಟಳು. ಒಂದು ಗಾಜಿನ ಗೋಳದೊಳಗೆ ಇತ್ತು. ದಿನವೂ ಮಲಗುವ ಮುನ್ನ ಮರೆಯದೆ ನೀರು ಚಿಮುಕಿಸುತ್ತಿದ್ದೆ. ಎರಡು ತಿಂಗಳೊಳಗೆ ಬುಡ ಕಪ್ಪಾಗಿ, ಮುಟ್ಟಿದರೆ ನಡುವಿನ ಎಲೆಗಳೆಲ್ಲ ಕೈಗೆ ಕಳಚಿ ಬಂದವು. ಎರಡನೆಯದನ್ನು ಹಳೆಯ ಹಿತ್ತಾಳೆ ಉರುಳಿಯಲ್ಲಿ ಇಟ್ಟಿದ್ದೇನೆ. ಎಲೆಯ ತುದಿಗಳು ಸುಟ್ಟಂತೆ ಕಂದುತ್ತಿವೆ. ಮೂರನೆಯದು ಬೂದು ಬಣ್ಣದ ಗಡ್ಡದಂತಿದೆ, ಪಡುವಣ ಬಾಲ್ಕನಿಯಲ್ಲಿ ತೂಗುಹಾಕಿದ್ದೇನೆ. ಅದು ಬದುಕಿದೆಯೋ ಸತ್ತಿದೆಯೋ ಎಂದೇ ತಿಳಿಯುತ್ತಿಲ್ಲ. ನಮ್ಮ ಅತ್ತೆ ಮಂಡ್ಯ ಕಡೆಯವರು. ‘ಇದು ಬದನಿಕೆ ಕಣಮ್ಮಾ, ಮರ ತಿನ್ನುವ ಗಿಡವನ್ನು ಮನೆಯೊಳಗೆ ಯಾಕೆ ತಂದೆ?’ ಎನ್ನುತ್ತಾರೆ. ಮಣ್ಣೇ ಇಲ್ಲದೆ ಗಿಡ ನಿಜಕ್ಕೂ ಬದುಕುತ್ತದೆಯೇ? ಇಷ್ಟು ದುಡ್ಡು ಕೊಟ್ಟು ಜನ ಇದನ್ನು ಕೊಳ್ಳುತ್ತಾರಲ್ಲ, ಅಂಥದ್ದೇನಿದೆ ಇದರಲ್ಲಿ?

ಉತ್ತರ: ಮೊದಲು ನಿಮ್ಮ ಅತ್ತೆಯವರ ಆಕ್ಷೇಪಣೆಗೆ ಉತ್ತರ ಹೇಳುತ್ತೇನೆ, ಏಕೆಂದರೆ ಅದು ಕಣ್ಣಾರೆ ಕಂಡವರ ಮಾತು. ಮಾವಿನ ತೋಪು ನೋಡಿ ಬೆಳೆದವರಿಗೆ ಮರದ ಮೇಲೆ ಇನ್ನೊಂದು ಗಿಡ ಕೂತಿದ್ದರೆ ನೆನಪಾಗುವುದೇ ಬದನಿಕೆ. ಹಕ್ಕಿ ಒರೆಸಿಹೋದ ಅಂಟುಬೀಜ ಕೊಂಬೆಯ ಮೇಲೆ ಮೊಳೆಯುತ್ತದೆ, ತೊಗಟೆಯನ್ನು ಸೀಳಿ ಒಳಗೆ ಇಳಿಯುತ್ತದೆ, ಮರ ನೆಲದಿಂದ ಎತ್ತಿದ ನೀರನ್ನು ಅರ್ಧ ದಾರಿಯಲ್ಲೇ ಕುಡಿದುಬಿಡುತ್ತದೆ. ಕೊಂಬೆ ಸೊರಗುತ್ತದೆ. ಆದರೆ ನಿಮ್ಮ ಮಗಳು ತಂದ ಗಿಡದ ಬಾಳ್ವೆ ಹಾಗಲ್ಲ. ಇದರ ಬೇರು ಇರುವುದು ಹಿಡಿದುಕೊಳ್ಳುವುದಕ್ಕೆ ಮಾತ್ರ. ಗೋಡೆಗೆ ಹೊಡೆದ ಮೊಳೆ ಮಾಡುವಷ್ಟೇ ಕೆಲಸ. ಅತ್ತೆಯವರಿಗೆ ಸಾಕ್ಷಿ ಬೇಕೆಂದರೆ ಇದನ್ನು ಹೇಳಿ: ಮೆಕ್ಸಿಕೋದಲ್ಲಿ, ಅಮೆರಿಕದ ಟೆಕ್ಸಾಸ್ ಕಡೆ, ಇದೇ ಕುಲದ ಒಂದು ಜಾತಿ ವಿದ್ಯುತ್ ತಂತಿಗಳ ಮೇಲೆ ಉಂಡೆಯುಂಡೆಯಾಗಿ ಸಾಲು ಕಟ್ಟಿ ಬೆಳೆಯುತ್ತದೆ. ತಂತಿಯಲ್ಲಿ ಹೀರಲು ರಸ ಎಲ್ಲಿಂದ ಬರಬೇಕು?

ನಮ್ಮ ಕಡೆಯದೇ ಉದಾಹರಣೆ ಸಾಕೆಂದರೆ ಸೀತಾಳೆ ಇದೆ. ಮಲೆನಾಡಿನ ಮರಗಳ ಮೇಲೆ ನಸುಗೆಂಪಿನ ದಂಡೆಗಳನ್ನು ಇಳಿಬಿಡುವ ಆ ಸೀತಾಳೆ, ಮರದ ಮೇಲೆ ಬಾಡಿಗೆ ಕೊಡದೆ ಕೂತಿರುವುದು ನಿಜ. ಆದರೆ ಮರದ ಅಡುಗೆಮನೆಗೆ ಕೈ ಹಾಕುವುದಿಲ್ಲ. ಗಾಳಿ ಗಿಡವೂ ಅಂಥದೇ ಬಾಡಿಗೆದಾರ.

ಇದರ ಕುಲದ ಹೆಸರು ಟಿಲ್ಯಾಂಡ್ಸಿಯಾ. 600ಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲವೂ ಅಮೆರಿಕ ಖಂಡಗಳವು. ಹೆಸರಿನ ಹಿಂದೆ ಒಂದು ತಮಾಷೆ ಇದೆ. ಹದಿನೇಳನೆಯ ಶತಮಾನದಲ್ಲಿ ಎಲಿಯಾಸ್ ಟಿಲ್ಯಾಂಡ್ಸ್ ಎಂಬ ವೈದ್ಯ, ಸಸ್ಯಶಾಸ್ತ್ರಜ್ಞನಿದ್ದ. ಫಿನ್ಲೆಂಡಿನ ತುರ್ಕುವಿನಿಂದ ಸ್ಟಾಕ್‌ಹೋಮಿಗೆ ಹಡಗಿನಲ್ಲಿ ಹೋಗುವಾಗ ಅವನಿಗೆ ಎಷ್ಟು ತಲೆ ಸುತ್ತಿತೆಂದರೆ, ವಾಪಸು ಬರುವಾಗ ಕೊಲ್ಲಿಯನ್ನು ಪೂರಾ ಬಳಸಿಕೊಂಡು ನೆಲದ ದಾರಿಯಲ್ಲೇ ಬಂದನಂತೆ. ‘ನೆಲದ ಮೇಲಿನಿಂದ’ ಎಂಬ ಅರ್ಥದ ಆ ಹೆಸರನ್ನು ಇಟ್ಟುಕೊಂಡದ್ದೂ ಅದಕ್ಕೇ ಎನ್ನುತ್ತಾರೆ. ಮುಂದೆ, ಗಿಡಗಳಿಗೆ ಹೆಸರಿಡುವ ಪದ್ಧತಿ ಹಾಕಿಕೊಟ್ಟ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಈ ಗಿಡಗಳನ್ನು ನೋಡಿ, ಇವಕ್ಕೂ ನೀರೆಂದರೆ ಆಗದು ಎಂದುಕೊಂಡು ಅವನ ಹೆಸರನ್ನೇ ಇಟ್ಟ. ಅಲ್ಲಿಂದ ಇಲ್ಲಿಯವರೆಗೂ ಈ ಗಿಡಕ್ಕೆ ಅದೇ ಅಪವಾದ. ನೀರು ಬೇಡದ ಗಿಡ, ಗಾಳಿ ಕುಡಿದು ಬದುಕುವ ಗಿಡ ಎಂದು ಮಾರುವವರೂ ಹೇಳುತ್ತಾರೆ, ಕೊಂಡವರೂ ನಂಬುತ್ತಾರೆ. ಇದಕ್ಕೆ ನೀರು ಬೇಕೇ ಬೇಕು. ಬೇಡವಾದದ್ದು ಮೈಮೇಲೆ ನಿಂತ ನೀರು. ಈ ವ್ಯತ್ಯಾಸ ಒಂದನ್ನು ತಿಳಿದುಕೊಂಡರೆ ಗಾಳಿ ಗಿಡದ ಮುಕ್ಕಾಲು ವಿದ್ಯೆ ಬಂದಂತೆ.

ಮುಂದಿನ ಸಲ ದೇವರಾಜ ಮಾರುಕಟ್ಟೆಯಿಂದ ಅನಾನಸ್ ತಂದಾಗ ಅದರ ಜುಟ್ಟನ್ನು ಕಸಕ್ಕೆ ಹಾಕುವ ಮುಂಚೆ ಒಂದು ಎಲೆ ಕಿತ್ತು, ಅಡಿಭಾಗವನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಸುಣ್ಣ ಬಳಿದಂತೆ ಬಿಳಿ ಹುಡಿ ಉದುರುತ್ತದೆ, ಕೆಳಗೆ ಹಸಿರು ಕಾಣುತ್ತದೆ. ಅನಾನಸ್ ಮತ್ತು ಗಾಳಿ ಗಿಡ ಒಂದೇ ಮನೆತನದವು. ಪೋರ್ಚುಗೀಸರ ಕಾಲದಲ್ಲಿ ಅನಾನಸ್ ನಮ್ಮಲ್ಲಿಗೆ ಬಂತು, ಅದರ ದಾಯಾದಿ ಈಗ ನಿಮ್ಮ ಮಗಳ ಕೈಯಲ್ಲಿ ಬಂದಿದೆ. ಆ ಬಿಳಿ ಹುಡಿ ಧೂಳಲ್ಲ. ಎಲೆಯ ಮೇಲೆ ಹೊದೆಸಿದ ಸೂಕ್ಷ್ಮ ಬಿಲ್ಲೆಗಳು. ಅನಾನಸಿಗೆ ಮಣ್ಣಿನಲ್ಲಿ ಬೇರಿದೆ, ಬಿಲ್ಲೆಗಳು ಹೆಚ್ಚುವರಿ. ಗಾಳಿ ಗಿಡಕ್ಕೆ ಬಾಯಿಯೇ ಅವು. ಒಣಗಿದ್ದಾಗ ಬಿಲ್ಲೆಗಳಲ್ಲಿ ಗಾಳಿ ತುಂಬಿರುವುದರಿಂದ ಬೆಳಕನ್ನು ಚೆದುರಿಸುತ್ತವೆ, ಗಿಡ ಬೆಳ್ಳಗೆ, ಬೂದಿ ಸವರಿದಂತೆ ಕಾಣುತ್ತದೆ. ಬಿಸಿಲಿನಿಂದ ರಕ್ಷಣೆಯೂ ಆಯಿತು. ನೀರು ಬಿದ್ದ ಕೂಡಲೇ ಅವು ನೆನೆದು ಎಲೆಗೆ ಅಂಟುತ್ತವೆ, ಅಡಿಯಲ್ಲಿರುವ ಕೋಶಗಳ ಕೊಳವೆಯ ಮೂಲಕ ನೀರನ್ನು ಒಳಗೆ ಇಳಿಸುತ್ತವೆ.

ಇದನ್ನು ಕಣ್ಣಲ್ಲೇ ನೋಡಬಹುದು. ಒಣಗಿದ ಎಲೆಯ ಮೇಲೆ ಬೆರಳ ತುದಿಯಿಂದ ಒಂದೇ ಹನಿ ಬಿಡಿ. ಹನಿ ಒಂದು ಕ್ಷಣ ಮುತ್ತಿನಂತೆ ನಿಲ್ಲುತ್ತದೆ, ಆಮೇಲೆ ಒತ್ತುಕಾಗದದ ಮೇಲೆ ಶಾಯಿ ಹರಡಿದ ಹಾಗೆ ಅಗಲವಾಗುತ್ತದೆ, ಬೂದು ಬಣ್ಣದ ನಡುವೆ ಹಸಿರು ಮಚ್ಚೆಯೊಂದು ಮೂಡುತ್ತದೆ. ಮನೆಗೆ ಬಂದ ಮಕ್ಕಳಿಗೆ ನಾನು ಮೊದಲು ತೋರಿಸುವುದು ಇದನ್ನೇ. ಆಮೇಲೆ ಅವರ ಕೈಯಿಂದ ನೀರಿನ ಚೊಂಬು ಕಸಿದುಕೊಳ್ಳುವುದೇ ಒಂದು ಕೆಲಸ.

ಈಗ ನಿಮ್ಮ ಮೊದಲ ಗಿಡದ ಸಾವಿಗೆ ಬರೋಣ. ಈ ಗಿಡಗಳು ಉಸಿರಾಡುವ ಹೊತ್ತು ಬೇರೆ. ನಮ್ಮ ಬಹುಪಾಲು ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಬಯಲಲ್ಲಿ, ಕೊಂಬೆಯ ತುದಿಯಲ್ಲಿ ಬದುಕುವ ಗಿಡ ಹಗಲಲ್ಲಿ ರಂಧ್ರ ತೆರೆದರೆ ಒಳಗಿನ ನೀರೆಲ್ಲ ಆವಿಯಾಗಿ ಹೋಗುತ್ತದೆ. ಅದಕ್ಕೇ ಇವು ಹಗಲಿಡೀ ಬಾಯಿ ಮುಚ್ಚಿಕೊಂಡಿದ್ದು ರಾತ್ರಿ ತಂಪಿನಲ್ಲಿ ತೆರೆಯುತ್ತವೆ, ಎಳೆದುಕೊಂಡದ್ದನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಮಾರನೆಯ ದಿನ ಬೆಳಕು ಬಂದಾಗ ಅದರಿಂದ ಅಡುಗೆ ಮಾಡಿಕೊಳ್ಳುತ್ತವೆ. ನೀವು ದಿನವೂ ಮಲಗುವ ಮುನ್ನ ಪ್ರೀತಿಯಿಂದ ನೀರು ಚಿಮುಕಿಸಿದಿರಿ. ಗಿಡ ಉಸಿರೆಳೆಯಲು ಹೊರಟ ಹೊತ್ತಿಗೆ ಸರಿಯಾಗಿ ಅದರ ಮೂಗಿಗೆ ಒದ್ದೆ ಬಟ್ಟೆ ಕಟ್ಟಿದಂತಾಯಿತು. ಸಾಲದ್ದಕ್ಕೆ ಗಾಜಿನ ಗೋಳ; ಒಂದೇ ಒಂದು ಕಂಡಿ, ಗಾಳಿ ಆಡುವುದಿಲ್ಲ. ಅದೂ ಆಷಾಢದ ಜಿನುಗು ಮಳೆಯ ಕಾಲ, ಒಗೆದ ಬಟ್ಟೆಯೇ ಎರಡು ದಿನ ಒಣಗದ ದಿನಗಳು. ಎಲೆಗಳ ಬುಡದ ಸಂದಿಯಲ್ಲಿ ನೀರು ಕೂತು ಕೊಳೆಯಿತು. ಬುಡ ಕಪ್ಪಾಗಿ ನಡುವಿನ ಎಲೆ ಕಳಚಿ ಬರುವುದು ಆ ಕೊಳೆತದ ಗುರುತು. ಆ ಹಂತ ತಲುಪಿದ ಗಿಡ ಉಳಿಯುವುದಿಲ್ಲ, ನೀವು ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ.

ಎಣ್ಣೆನೀರಿನ ದಿನ ತಲೆಗೆ ಹಾಕಿಕೊಂಡು ಒದ್ದೆ ಕೂದಲನ್ನೇ ಬಿಗಿಯಾಗಿ ತುರುಬು ಕಟ್ಟಿ ಮಲಗಬಾರದು ಎಂದು ಅಜ್ಜಿಯರು ಹೇಳುತ್ತಿದ್ದರಲ್ಲ, ಗಾಳಿ ಗಿಡಕ್ಕೂ ಅದೇ ಶಾಸ್ತ್ರ. ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಅಗಲ ಬಾಯಿಯ ಸ್ಟೀಲ್ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ನೀರು ತುಂಬಿ ಗಿಡವನ್ನು ಪೂರ್ತಿ ಮುಳುಗಿಸಿ. ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ. ಎತ್ತಿ, ತಲೆಕೆಳಗು ಮಾಡಿ, ಕೊತ್ತಂಬರಿ ಸೊಪ್ಪು ಒದರುವಂತೆ ಎರಡು ಸಲ ಒದರಿ. ಬಟ್ಟೆಯ ಮೇಲೆ ತಲೆಕೆಳಗಾಗಿಯೇ ಇಟ್ಟು ಗಾಳಿಯಾಡುವ ಜಾಗದಲ್ಲಿ ಬಿಡಿ. ನಾಲ್ಕು ಗಂಟೆಯೊಳಗೆ ಬುಡದವರೆಗೂ ಒಣಗಿರಬೇಕು. ಒಣಗದಿದ್ದರೆ ಫ್ಯಾನ್ ಹಾಕಿ, ನಾಚಿಕೆ ಬೇಡ. ಮಳೆಗಾಲದಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಗಿಡಗಳಿಗೆಂದೇ ಒಂದು ಮೇಜು ಫ್ಯಾನ್ ತಿರುಗುತ್ತಿರುತ್ತದೆ. ಪೂರ್ತಿ ಒಣಗಿದ ಮೇಲೆ ಮಾತ್ರ ಅದರ ಜಾಗಕ್ಕೆ ಹಿಂತಿರುಗಿಸಿ. ಬೂದು ಬಣ್ಣ ಹೆಚ್ಚಿದ್ದಷ್ಟೂ, ಎಲೆ ದಪ್ಪವಾಗಿದ್ದಷ್ಟೂ ಅದು ಒಣ ನಾಡಿನದು, ನೀರು ಕಡಿಮೆ ಸಾಕು, ಅದ್ದಿ ಎತ್ತಿದರೂ ನಡೆಯುತ್ತದೆ. ಹಸಿರಾಗಿ ತೆಳುವಾಗಿದ್ದರೆ ಅದು ತೇವದ ಕಾಡಿನದು, ನೀರು ಜಾಸ್ತಿ ಬೇಡುತ್ತದೆ. ಬುಡದಲ್ಲಿ ಈರುಳ್ಳಿಯಂತೆ ಉಬ್ಬಿರುವ ಜಾತಿಗಳಿವೆ. ಆ ಉಬ್ಬು ಟೊಳ್ಳು, ಒಳಗೆ ನೀರು ಸೇರಿಕೊಂಡರೆ ಹೊರಬರುವುದಿಲ್ಲ. ಅವುಗಳ ಎಲೆಗಳನ್ನಷ್ಟೇ ನೆನೆಸಿದರೆ ಸಾಕು.

ಎಲೆಗಳು ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಕಿರಿದಾಗುತ್ತಿದ್ದರೆ ಅದು ಬಾಯಾರಿಕೆ. ಒಂದು ರಾತ್ರಿಯಿಡೀ ನೀರಲ್ಲಿ ಬಿಟ್ಟರೂ ಬಾಯಾರಿದ ಗಿಡಕ್ಕೆ ಅದೊಂದು ಸಲ ತೊಂದರೆಯಿಲ್ಲ, ಚೇತರಿಸಿಕೊಳ್ಳುತ್ತದೆ. ಕೊಳೆತದ್ದು ಚೇತರಿಸಿಕೊಳ್ಳುವುದಿಲ್ಲ. ಹೀಗಾಗಿ ಅನುಮಾನ ಬಂದಾಗ ಕಡಿಮೆ ನೀರಿನ ಕಡೆಗೇ ವಾಲಿ.

ಎರಡನೆಯ ಗಿಡಕ್ಕೆ ಬಂದರೆ, ಉರುಳಿಯ ವಿಷಯ ಓದಿದಾಗ ನನ್ನದೇ ತಪ್ಪನ್ನು ಯಾರೋ ಬರೆದು ಕಳಿಸಿದ ಹಾಗಾಯಿತು. ನನ್ನ ಮೊದಲ ಒಳ್ಳೆಯ ಗಿಡವನ್ನು ನಾನು ಇಟ್ಟದ್ದೂ ಅಮ್ಮನ ಹಿತ್ತಾಳೆ ಬಟ್ಟಲಲ್ಲಿ. ಹುಣಸೆಹಣ್ಣು ಹಾಕಿ ತಿಕ್ಕಿದ ಹೊಂಬಣ್ಣದ ಹಿತ್ತಾಳೆ, ಅದರ ಮೇಲೆ ಬೆಳ್ಳಿ ಬಣ್ಣದ ಸುರುಳಿ ಎಲೆಗಳು. ನೋಡಿದವರೆಲ್ಲ ಹೊಗಳಿದರು. ಮೂರು ತಿಂಗಳಲ್ಲಿ ಎಲೆಯ ತುದಿಗಳು ಕಂದಿದವು, ಆಮೇಲೆ ಬುಡ. ಕಾರಣ ತಾಮ್ರ. ಅನಾನಸ್ ಮನೆತನದ ಗಿಡಗಳಿಗೆ ತಾಮ್ರ ಕಡು ವಿಷ, ಸತುವೂ ಒಳ್ಳೆಯದಲ್ಲ. ಹಿತ್ತಾಳೆಯೆಂದರೆ ಅವೆರಡರ ಮಿಶ್ರಣವೇ ತಾನೇ? ಒದ್ದೆ ಎಲೆ ತಾಗಿದಲ್ಲಿ ಲೋಹ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಬೇರಿನಿಂದ ಕುಡಿಯುವ ಗಿಡವಾದರೆ ಮಣ್ಣು ಒಂದಿಷ್ಟನ್ನು ತಡೆಯುತ್ತಿತ್ತು. ಇದು ಮೈಯೆಲ್ಲ ಬಾಯಿಯಾಗಿರುವ ಗಿಡ, ತಾಗಿದ್ದನ್ನೆಲ್ಲ ಒಳಗೆ ತೆಗೆದುಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ತಾಮ್ರ ಬಾರದ ಕಡೆಯೇ ಇಲ್ಲ. ತಾಮ್ರದ ಚೊಂಬಿನಲ್ಲಿ ರಾತ್ರಿಯಿಟ್ಟ ನೀರು ನಿಮಗಿರಲಿ, ಗಿಡಕ್ಕೆ ಬೇಡ. ಕಂಚಿನ ತಟ್ಟೆ ಬೇಡ. ಹಳೆಯ ವಿದ್ಯುತ್ ವೈರಿನೊಳಗಿನ ಎಳೆ ತೆಗೆದು ಕಟ್ಟುವುದು ಬೇಡ. ಸತುವಿನ ಲೇಪದ ಜಿಐ ತಂತಿಯೂ ಬೇಡ. ಏರ್ ಕಂಡಿಷನರಿನಿಂದ ತೊಟ್ಟಿಕ್ಕುವ ನೀರು ಮಳೆನೀರಿನಷ್ಟೇ ಶುದ್ಧ ಎಂದು ಕೆಲವರು ಹೇಳುತ್ತಾರೆ. ಅದು ತಾಮ್ರದ ಸುರುಳಿಯ ಮೇಲೆ ಹರಿದು ಬರುವ ನೀರು. ಊರಿನ ತೋಟಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಶಿಲೀಂಧ್ರ ಬಾರದಿರಲಿ ಎಂದು ಇದಕ್ಕೂ ಒಂದು ಸುತ್ತು ಹೊಡೆದವರನ್ನು ಬಲ್ಲೆ. ಆ ದ್ರಾವಣದಲ್ಲಿರುವ ಮೈಲುತುತ್ತ ಎಂದರೇ ತಾಮ್ರ. ನಿಮ್ಮ ಗಿಡ ತುದಿಯಷ್ಟೇ ಕಂದಿದ್ದರೆ ಇನ್ನೂ ಕಾಲ ಮಿಂಚಿಲ್ಲ. ಉರುಳಿಯಿಂದ ಎತ್ತಿ, ಮಳೆನೀರಲ್ಲಿ ಎರಡು ಮೂರು ಸಲ ತೊಳೆದು, ಕಂದಿದ ತುದಿಗಳನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಮಣ್ಣಿನ ತಟ್ಟೆಯಲ್ಲೋ ಮರದ ತುಂಡಿನ ಮೇಲೋ ಇಡಿ. ಉರುಳಿಯಲ್ಲಿ ಎಂದಿನಂತೆ ನೀರು ತುಂಬಿ ಹೂವಿನ ಎಸಳು ತೇಲಿಬಿಡಿ.

ನೀರಿನ ಮಾತು ಬಂದದ್ದರಿಂದ ಒಂದೆರಡು ಸಾಲು. ಮಳೆನೀರಿಗೆ ಸಮನಾದದ್ದಿಲ್ಲ; ಮೊದಲ ಮಳೆ ತಾರಸಿ ತೊಳೆದುಹೋಗಲಿ, ಆಮೇಲಿನದನ್ನು ಒಂದು ಬಕೆಟ್ ಹಿಡಿದಿಟ್ಟುಕೊಳ್ಳಿ. ಕಾವೇರಿಯೋ ಕಬಿನಿಯೋ ನಲ್ಲಿಯಲ್ಲಿ ಬರುವ ಮನೆಯಾದರೆ ನೀರನ್ನು ಅಗಲ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಟ್ಟು ಬಳಸಬಹುದು. ಬೋರ್‌ವೆಲ್ ನೀರಿನ ಗಡಸುತನ ನಿಮಗೇ ಗೊತ್ತು, ಗೀಸರಿನ ಒಳಗೂ ನಲ್ಲಿಯ ಮೂತಿಗೂ ಹತ್ತುವ ಬಿಳಿ ಪರೆ ಎಲೆಗೂ ಹತ್ತುತ್ತದೆ, ಬಿಲ್ಲೆಗಳ ಬಾಯಿ ಕಟ್ಟುತ್ತದೆ. ಅದನ್ನು ಉಪ್ಪಿನಿಂದ ಮೆದು ಮಾಡುವ ಯಂತ್ರದ ನೀರು ಇನ್ನೂ ಕೆಟ್ಟದ್ದು. ಕುಡಿಯುವ ಆರ್‌ಒ ನೀರು ಆಗುತ್ತದೆ. ಆ ಯಂತ್ರ ಹೊರಗೆ ಬಿಡುವ ನೀರು ಖಂಡಿತ ಆಗದು.

ಮೈಸೂರಿನ ಹವೆ ಈ ಗಿಡಗಳಿಗೆ ಒಗ್ಗುತ್ತದೆ. ಸುಮಾರು 770 ಮೀಟರ್ ಎತ್ತರ, ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಮೈ ಕೊರೆಯುವ ಚಳಿಯೂ ಇಲ್ಲ. ಸೆಖೆಯೂ ಧಗೆಯೂ ಒಟ್ಟಿಗೆ ಬರುವ ಕರಾವಳಿಗಿಂತ ಇಲ್ಲಿ ಒಣಗಿಸುವುದು ಸುಲಭ. ಆದರೆ ‘ವಾರಕ್ಕೊಮ್ಮೆ ನೆನೆಸಿ’ ಎಂದು ಚೀಟಿಯ ಮೇಲೆ ಬರೆದು ಕೊಡುವ ಲೆಕ್ಕ ವರ್ಷವಿಡೀ ನಡೆಯುವುದಿಲ್ಲ. ಶಿವರಾತ್ರಿ ಕಳೆದು ಮೊದಲ ಮುಂಗಾರು ಪೂರ್ವ ಮಳೆ ಬೀಳುವವರೆಗೆ ಮಧ್ಯಾಹ್ನದ ಗಾಳಿ ಹಪ್ಪಳ ಒಣಗಿಸುವಂಥದ್ದು. ಆಗ ವಾರಕ್ಕೆರಡು ಸಲ ನೆನೆಸಬೇಕು, ನಡುವೆ ಬೆಳಿಗ್ಗೆ ಒಮ್ಮೆ ಚಿಮುಕಿಸಿದರೂ ಒಳ್ಳೆಯದು. ಆಷಾಢ, ಶ್ರಾವಣದಲ್ಲಿ ಹತ್ತು ದಿನಕ್ಕೊಮ್ಮೆ ಅದ್ದಿ ಎತ್ತಿದರೆ ಸಾಕು. ದಸರೆಯ ಹಿಂದುಮುಂದೆ ಸಂಜೆ ಸುರಿಯುವ ಜೋರು ಮಳೆಗೆ ಸಿಗದಂತೆ ನೋಡಿಕೊಳ್ಳಿ. ಧನುರ್ಮಾಸದಲ್ಲಿ ಮುಂಜಾನೆಯ ಪೂಜೆಗೆ ಎದ್ದ ಹುರುಪಿನಲ್ಲಿ ಗಿಡಕ್ಕೂ ಸ್ನಾನ ಮಾಡಿಸಿಬಿಡಬೇಡಿ, ಬಿಸಿಲು ಏರಲಿ.

ಮಂಡ್ಯದ ಓದುಗರಿಗೂ ಒಂದು ಮಾತು, ನಿಮ್ಮ ಅತ್ತೆಯವರ ತವರಿಗೆ ಒಂದು ಮರಿ ಹೋಗಬಹುದು ಎಂಬ ಆಸೆಯಿಂದ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಗದ್ದೆಗೆ ನೀರು ಬಿಟ್ಟಿರುವಾಗ, ಗಾಳಿಯಲ್ಲೇ ತೇವವಿರುತ್ತದೆ. ನೆನೆಸುವುದನ್ನು ಕಡಿಮೆ ಮಾಡಬಹುದು. ಕಬ್ಬು ಅರೆಯುವ ಕಾಲದಲ್ಲಿ ಮಾತ್ರ ಆಲೆಮನೆಯ ಹೊಗೆ, ಕರಿಬೂದಿ ಹಾರಿಬಂದು ಎಲೆಯ ಮೇಲೆ ಕೂರುತ್ತದೆ. ಬೇರೆ ಗಿಡಕ್ಕೆ ಅದು ಕೊಳೆ ಅಷ್ಟೇ, ಇದಕ್ಕೆ ಉಣ್ಣುವ ಬಾಯಿಗೆ ಬಿದ್ದ ಮಸಿ. ನೆನೆಸುವಾಗ ನೀರಲ್ಲಿ ಅತ್ತಿತ್ತ ಆಡಿಸಿ ತೊಳೆಯಿರಿ, ಬೆರಳಿನಿಂದ ಉಜ್ಜಬೇಡಿ; ಉಜ್ಜಿದರೆ ಅನಾನಸ್ ಎಲೆಯಲ್ಲಾದಂತೆ ಬಿಲ್ಲೆಗಳೇ ಉದುರುತ್ತವೆ.

ಇನ್ನು ಆಕರ್ಷಣೆ ಏನು ಎಂದು ಕೇಳಿದಿರಿ. ದುಡ್ಡಿನ ಬಗ್ಗೆ ನಿಮ್ಮ ಆಶ್ಚರ್ಯ ನ್ಯಾಯವಾದದ್ದೇ. ಬೆರಳುದ್ದದ ಗಿಡಕ್ಕೆ ಕೊಡುವ ಹಣದಲ್ಲಿ ದೇವರಾಜ ಮಾರುಕಟ್ಟೆಯಲ್ಲಿ ವಾರವಿಡೀ ಮಲ್ಲಿಗೆ ಮುಡಿಯಬಹುದು. ನನ್ನ ಮಟ್ಟಿಗೆ ಹೇಳುವುದಾದರೆ, ಬೇರೆ ಯಾವ ಗಿಡವನ್ನೂ ಹೀಗೆ ಕೈಗೆ ಎತ್ತಿಕೊಳ್ಳಲು ಆಗುವುದಿಲ್ಲ. ಕುಂಡದ ಗಿಡವನ್ನು ಎತ್ತಿದರೆ ನೀವು ಎತ್ತುವುದು ಕುಂಡವನ್ನು. ಇದನ್ನು ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ, ತಲೆಕೆಳಗು ಮಾಡಿ, ಬುಡದ ಸಂದಿಯನ್ನೂ ನೋಡಬಹುದು. ಅಂಗೈ ಅಗಲದ ನೆಲವಿಲ್ಲ ಎಂದಿರಿ. ಅಂಗೈ ಅಗಲವೇ ಸಾಕಾಗುವ ತೋಟ ಇದು. ವಾರಕ್ಕೊಮ್ಮೆ ನೆನೆಸುವ ನೆವದಲ್ಲಿ ಪ್ರತಿಯೊಂದೂ ಕೈಗೆ ಬರುತ್ತದೆ. ಹೋದ ವಾರ ಇಲ್ಲದ ಒಂದು ಬೇರಿನ ತುದಿ, ನಡುವೆ ತುಸು ಕೆಂಪು, ಬುಡದಲ್ಲಿ ಅಕ್ಕಿ ಕಾಳಿನಷ್ಟು ಮರಿ. ಇಷ್ಟು ನಿಧಾನದ ಗಿಡದಲ್ಲಿ ಅಷ್ಟೂ ದೊಡ್ಡ ಸುದ್ದಿಯೇ. ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಭಾನುವಾರವೆಂಬ ವಾರ ಉಳಿದಿರುವುದೇ ಇವುಗಳಿಂದ.

ಆಕಾರದ ಮೋಹವೂ ಇದೆ. ಕ್ಸೆರೋಗ್ರಾಫಿಕಾ ಎಂಬ ಜಾತಿ ನನ್ನ ಬಳಿ ಒಂದಿದೆ. ಗ್ವಾಟೆಮಾಲಾ, ಮೆಕ್ಸಿಕೋ ಕಡೆಯದು. ಬೆಳ್ಳಿ ಬಣ್ಣದ ಅಗಲ ಎಲೆಗಳು ಹೊರಕ್ಕೆ ಬಾಗಿ, ತುದಿಯಲ್ಲಿ ಬಡಗಿ ಮರ ಹೆರೆದಾಗ ಬೀಳುವ ಸುರುಳಿಯ ಹಾಗೆ ಸುತ್ತಿಕೊಳ್ಳುತ್ತವೆ. ನೀರು ಹೆಚ್ಚಾದ ವಾರಗಳಲ್ಲಿ ಸುರುಳಿ ಸಡಿಲವಾಗುತ್ತದೆ, ಕಡಿಮೆಯಾದಾಗ ಬಿಗಿಯಾಗುತ್ತದೆ. ಒಂದು ಗಡಿಯಾರವನ್ನು ಓದುವಂತೆ ಅದನ್ನು ಓದುತ್ತೇನೆ. ಅಂದಹಾಗೆ ಈ ಜಾತಿಯನ್ನು ಕಾಡಿನಿಂದ ಕಿತ್ತು ಕಿತ್ತು ಮಾರಿದ್ದರಿಂದ ಅದರ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದದ ಹತೋಟಿಗೆ ತಂದಿದ್ದಾರೆ. ನರ್ಸರಿಯಲ್ಲಿ ಬೆಳೆಸಿದ್ದೇ ಎಂದು ಕೇಳಿ ಕೊಳ್ಳಿ.

ಇಡುವ ಜಾಗದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಹಟದ್ದು. ಬಣ್ಣದ ಕಲ್ಲು, ಹೊಳೆಯುವ ಮರಳು, ಪ್ಲಾಸ್ಟಿಕ್ ಬುದ್ಧ ಇವೆಲ್ಲದರ ನಡುವೆ ಗಾಜಿನ ಬುರುಡೆಯಲ್ಲಿ ಈ ಗಿಡವನ್ನು ತುರುಕುವುದನ್ನು ನೋಡಿದರೆ ನನಗೆ ಉಸಿರು ಕಟ್ಟುತ್ತದೆ, ಗಿಡಕ್ಕೂ ಕಟ್ಟುತ್ತದೆ. ಮೂಡಣ ಕಿಟಕಿಯ ಸರಳು, ಅದಕ್ಕೆ ಮೀನಿನ ಗಾಳದ ನೈಲಾನ್ ದಾರದಿಂದ ತೂಗುಬಿಟ್ಟ ಒಂದೇ ಗಿಡ, ಹಿಂದೆ ಖಾಲಿ ಗೋಡೆ. ಬೆಳಗಿನ ಎಳೆ ಬಿಸಿಲಲ್ಲಿ ಅದರ ನೆರಳು ಗೋಡೆಯ ಮೇಲೆ ಜೇಡನ ಹಾಗೆ ನಡೆಯುತ್ತದೆ. ಕಾಫಿ ತೋಟದವರ ಪರಿಚಯವಿದ್ದರೆ ಕಿತ್ತ ಹಳೆಯ ಕಾಫಿ ಗಿಡದ ಬೊಡ್ಡೆಯೊಂದನ್ನು ಕೇಳಿ ತನ್ನಿ. ಗಂಟು ಗಂಟಾದ ಆ ಮರದ ಸಂದಿಗಳಲ್ಲಿ ಗಿಡಗಳು ಹುಟ್ಟಿದಲ್ಲೇ ಇರುವಂತೆ ಕೂರುತ್ತವೆ. ತೆಂಗಿನ ಚಿಪ್ಪೂ ಆಗುತ್ತದೆ, ತಳಕ್ಕೆ ತೂತು ಕೊರೆದಿರಬೇಕು. ತೆಂಗಿನ ನಾರಿನ ಮೆತ್ತೆ ಬೇಡ, ಅದು ನೀರು ಹಿಡಿದಿಟ್ಟು ಬುಡ ಕೊಳೆಸುತ್ತದೆ. ದಸರೆಯಲ್ಲಿ ಗೊಂಬೆ ಕೂರಿಸುವವರಾದರೆ ಕಾಡಿನ ದೃಶ್ಯಕ್ಕೆ ಇವು ಹೇಳಿಮಾಡಿಸಿದವು. ಒಂಬತ್ತು ದಿನ ಮಂಕು ಬೆಳಕಿನಲ್ಲಿದ್ದರೆ ಏನೂ ಆಗುವುದಿಲ್ಲ. ಆದರೆ ವಿಜಯದಶಮಿಯ ಮಾರನೆಯ ದಿನ ಗೊಂಬೆಗಳ ಜೊತೆ ಪೆಟ್ಟಿಗೆ ಸೇರದಂತೆ ನೋಡಿಕೊಳ್ಳಿ. ಹಾಗೆ ಸೇರಿಸಿ ಯುಗಾದಿಗೆ ತೆಗೆದವನು ನಾನೇ.

ಇದು ಮನೆಯ ಗಾಳಿಯನ್ನು ಶುದ್ಧ ಮಾಡುತ್ತದೆ, ರಾತ್ರಿ ಆಮ್ಲಜನಕ ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ. 1989ರಲ್ಲಿ ನಾಸಾ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಮಾಡಿದ ಪರೀಕ್ಷೆಯಿಂದ ಹುಟ್ಟಿದ್ದು ಆ ಗಾಳಿ ಶುದ್ಧಿಯ ಕಥೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಅಂಥ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ 2019ರಲ್ಲಿ ಲೆಕ್ಕ ಹಾಕಿದರು: ಸುಮ್ಮನೆ ಮನೆಯೊಳಗೆ ಗಾಳಿಯಾಡುವುದರಿಂದ ಆಗುವಷ್ಟು ಶುದ್ಧಿ ಗಿಡಗಳಿಂದ ಆಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಕಿಟಕಿ ತೆಗೆಯುವುದು ಅಗ್ಗ.

ಹೂವಿನ ವಿಷಯ ಹೇಳಲೇಬೇಕು, ಏಕೆಂದರೆ ಅದನ್ನು ನೋಡಿ ಗಾಬರಿಯಾಗುವವರೇ ಹೆಚ್ಚು. ಅಯೋನಾಂಥ ಎಂಬ ಪುಟ್ಟ ಜಾತಿ ಎಲ್ಲೆಡೆ ಸಿಗುತ್ತದೆ, ನಿಮ್ಮ ಉರುಳಿಯಲ್ಲಿರುವುದೂ ಅದೇ ಇರಬಹುದು. ಹೂ ಬಿಡುವ ಮುಂಚೆ ನಡುವಿನ ಎಲೆಗಳು ಕುಂಕುಮದ ಬಣ್ಣಕ್ಕೆ ತಿರುಗುತ್ತವೆ, ಅದರ ಮಧ್ಯದಿಂದ ನೇರಳೆ ಬಣ್ಣದ ಸಣ್ಣ ಕೊಳವೆ, ಅದರ ಬಾಯಲ್ಲಿ ಹಳದಿ ಕೇಸರಗಳು. ನಾಲ್ಕಾರು ದಿನದ ಸಂಭ್ರಮ. ಆಮೇಲೆ ತಾಯಿ ಗಿಡ ನಿಧಾನವಾಗಿ ಸಾಯತೊಡಗುತ್ತದೆ. ನಿಮ್ಮ ಅತ್ತೆಯವರಿಗೆ ಇದು ಹೊಸದಲ್ಲ. ನಂಜನಗೂಡು ರಸಬಾಳೆಯಾದರೂ ಏಲಕ್ಕಿ ಬಾಳೆಯಾದರೂ ಒಂದೇ ಗೊನೆ, ಆಮೇಲೆ ಕಂದುಗಳ ಕಾಲ. ಇಲ್ಲಿಯೂ ಹೂವಿನ ಹಿಂದೆಯೇ ಬುಡದಲ್ಲಿ ಒಂದೆರಡು ಮೂರು ಮರಿಗಳು ಬರುತ್ತವೆ. ತಾಯಿ ಒಣಗುತ್ತಿದೆ ಎಂದು ಕಿತ್ತೆಸೆಯಬೇಡಿ, ಕೊನೆಯವರೆಗೂ ಅದು ಮರಿಗಳಿಗೆ ಉಣಿಸುತ್ತಿರುತ್ತದೆ. ಮರಿ ತಾಯಿಯ ಮೂರನೇ ಒಂದು ಭಾಗದಷ್ಟಾದರೂ ಆಗುವವರೆಗೆ ಬಿಡಿಸಬಾರದು. ಬಿಡಿಸದೆ ಬಿಟ್ಟರೆ ವರ್ಷಗಳ ಮೇಲೆ ಚೆಂಡಿನಂಥ ಗುಂಪಾಗುತ್ತದೆ, ನನಗೆ ಅದೇ ಇಷ್ಟ.

ಗೊಬ್ಬರ ಇಲ್ಲದೆಯೂ ನಡೆಯುತ್ತದೆ. ಹಾಕಲೇಬೇಕೆಂದರೆ ನೀರಲ್ಲಿ ಕರಗುವ ಗೊಬ್ಬರ ತಿಂಗಳಿಗೊಮ್ಮೆ, ಲೀಟರಿಗೆ ಅರ್ಧ ಗ್ರಾಮಿಗಿಂತ ಕಡಿಮೆ. ಬಿಳಿ ಹಿಟ್ಟುತಿಗಣೆ ಬಂದರೆ ಹತ್ತಿಯ ಕಡ್ಡಿಗೆ ಸ್ಪಿರಿಟ್ ತಾಗಿಸಿ ಒಂದೊಂದನ್ನೇ ತೆಗೆಯಿರಿ. ಬೇವಿನೆಣ್ಣೆ ಹೊಡೆಯಬೇಡಿ, ಎಣ್ಣೆಯ ಪದರ ಬಿಲ್ಲೆಗಳನ್ನು ಮುಚ್ಚಿಹಾಕುತ್ತದೆ. ಕೊಳ್ಳುವಾಗ ಕೆಂಪು, ನೀಲಿ ಬಣ್ಣ ಬಳಿದ ಗಿಡಗಳನ್ನು ಕೊಳ್ಳದಿರುವುದಕ್ಕೂ ಅದೇ ಕಾರಣ. ಬುಡವನ್ನು ಒತ್ತಿ ನೋಡಿ, ಗಟ್ಟಿಯಾಗಿರಬೇಕು.

ಕೊನೆಗೆ ನಿಮ್ಮ ಬಾಲ್ಕನಿಯ ಗಡ್ಡ. ಅದರ ಹೆಸರು ಸ್ಪ್ಯಾನಿಷ್ ಪಾಚಿ ಎಂದು; ಸ್ಪೇನಿನದೂ ಅಲ್ಲ, ಪಾಚಿಯೂ ಅಲ್ಲ, ಇದೇ ಟಿಲ್ಯಾಂಡ್ಸಿಯಾ. ಬೇರನ್ನೇ ಬಿಟ್ಟುಕೊಟ್ಟ ಜಾತಿ. ಪಡುವಣ ಬಾಲ್ಕನಿಯ ಬಿಸಿಲು ಅದಕ್ಕೆ ಹೆಚ್ಚಾಗಿದೆ. ಬದುಕಿದೆಯೇ ಎಂದು ತಿಳಿಯಲು ಒಂದು ಎಳೆಯನ್ನು ನೀರಲ್ಲಿ ಹತ್ತು ನಿಮಿಷ ಇಡಿ. ಹಸಿರು ತಿರುಗಿದರೆ ಜೀವವಿದೆ. ಬೂದಾಗಿಯೇ ಉಳಿದು, ಉಗುರಿನಿಂದ ಎಳೆದಾಗ ಹೊರಸಿಪ್ಪೆ ಜಾರಿ ಒಳಗೆ ಕುದುರೆ ಬಾಲದ ಕೂದಲಿನಂಥ ಕಪ್ಪು ನಾರು ಸಿಕ್ಕರೆ ಆ ಎಳೆ ಸತ್ತಿದೆ. ಹಿಂದೆ ಅಮೆರಿಕದಲ್ಲಿ ಆ ನಾರನ್ನೇ ಹಾಸಿಗೆಗೂ ಕುರ್ಚಿಗೂ ತುಂಬುತ್ತಿದ್ದರು. ಸತ್ತ ಎಳೆಗಳನ್ನು ಬಿಡಿಸಿ ತೆಗೆದು, ಉಳಿದದ್ದನ್ನು ದಪ್ಪ ಜಡೆಯಾಗಿಡದೆ ತೆಳುವಾಗಿ ಹರಡಿ, ನೆರಳಿರುವ ಕಡೆ, ಗಾಳಿ ಆಡುವ ಕಡೆ ತೂಗುಹಾಕಿ. ಇದೊಂದಕ್ಕೆ ಮಾತ್ರ ದಿನವೂ ಬೆಳಿಗ್ಗೆ ನೀರು ಚಿಮುಕಿಸಬಹುದು. ಬಾಲ್ಕನಿಗೆ ಪಿಕಳಾರ ಹಕ್ಕಿಗಳು ಬರುವುದಾದರೆ ಸ್ವಲ್ಪ ಎಚ್ಚರ. ನಮ್ಮ ಮನೆಯ ಗಡ್ಡ ಒಂದು ಬೇಸಿಗೆಯಲ್ಲಿ ದಿನದಿನಕ್ಕೆ ತೆಳುವಾಗುತ್ತ ಬಂತು. ರೋಗವೆಂದುಕೊಂಡು ಹದಿನೈದು ದಿನ ಏನೇನೋ ಉಪಚಾರ ಮಾಡಿದೆ. ಆಮೇಲೆ ನೋಡಿದರೆ ಪಕ್ಕದ ಮನೆಯ ದಾಸವಾಳದ ಗಿಡದಲ್ಲಿ ಬೂದು ಬಣ್ಣದ ಮೆತ್ತನೆಯ ಗೂಡು, ಅದರಲ್ಲಿ ಎರಡು ಮೊಟ್ಟೆ.